ಹೆಸರಿನ ಕಾಲಂ

ಆ ಮನೆಯ ದೊಡ್ಡ ಸೊಸೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹಾಲು ಉಕ್ಕಿದರೆ ಕೋಪ, ಬಸ್ಸು ತಡವಾದರೆ ಕೋಪ, ಯಾರಾದರೂ ಪೆನ್ನು ತೆಗೆದುಕೊಂಡು ವಾಪಸು ಕೊಡದಿದ್ದರಂತೂ ಕೇಳುವುದೇ ಬೇಡ. ಅಂಥ ಕೋಪ ಬಂದಷ್ಟೇ ಬೇಗ ಇಳಿದೂ ಹೋಗುತ್ತಿತ್ತು. ಆದರೆ ಆ ಶುಕ್ರವಾರ ಬೆಳಗ್ಗೆ ಬಂದದ್ದು ಇಳಿಯುವ ಕೋಪವಾಗಿರಲಿಲ್ಲ.

ಮೈದುನ ಒಂದು ಹಾಳೆಯನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. "ನೋಡಿ ಅತ್ತಿಗೆ, ಕಾರ್ಖಾನೆಯವರು ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಿದ್ದಾರೆ. ಅಂಟಿನ ಕೋಣೆಯ ಹನ್ನೊಂದು ಹೆಂಗಸರ ಮೂತ್ರ ಪರೀಕ್ಷೆ ಮಾಡಿಸಿದ್ರಂತೆ. ಏನೂ ಇಲ್ವಂತೆ. ಸೋಮವಾರದಿಂದ ಕೋಣೆ ಮತ್ತೆ ತೆಗೀತಾರಂತೆ."

ಹನ್ನೊಂದು ಹೆಂಗಸರಲ್ಲಿ ಒಬ್ಬಳು ಅವನ ಹೆಂಡತಿ, ಆ ಮನೆಯ ಚಿಕ್ಕ ಸೊಸೆ. ಬೂಟಿನ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಹಚ್ಚುವ ಕೆಲಸ. ತಿಂಗಳಿಂದ ಊಟ ಸೇರುತ್ತಿರಲಿಲ್ಲ, ಕಣ್ಣು ಹಳದಿಯಾಗಿತ್ತು, ಲಿವರ್ ಕೆಟ್ಟಿದೆ ಎಂದು ಡಾಕ್ಟರು ಹೇಳಿದ್ದರು. ಹೇಳಿದ ಮೇಲೆ ಕನ್ನಡಕದ ಮೇಲಿಂದ ನೋಡಿ, "ಕುಡಿಯೋ ಅಭ್ಯಾಸ ಉಂಟಾ?" ಎಂದೂ ಕೇಳಿದ್ದರು. ಆ ಒಂದು ಪ್ರಶ್ನೆ ಆಸ್ಪತ್ರೆಯಿಂದ ಅವಳಿಗಿಂತ ಮೊದಲೇ ಮನೆಗೆ ಬಂದು ತಲುಪಿತ್ತು.

"ನಾನು ಮೊದಲೇ ಹೇಳ್ಲಿಲ್ವಾ?" ಎಂದರು ಅತ್ತೆ, ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ. "ಕಾರ್ಖಾನೆದೇನೂ ತಪ್ಪಿಲ್ಲ ಅಂತ ಈಗ ಕಾಗದದಲ್ಲೇ ಬಂತು. ಲಿವರ್ ಅನ್ನೋದು ಸುಮ್ಸುಮ್ನೆ ಕೆಡುತ್ತಾ?"

ಚಿಕ್ಕ ಸೊಸೆ ಬಾಗಿಲಲ್ಲಿ ನಿಂತಿದ್ದಳು. "ಸೋಮವಾರ ನಾನು ಕೆಲಸಕ್ಕೆ ಹೋಗ್ತೀನಿ," ಎಂದಳು. "ಇಲ್ಲಿ ಕೂತು ಎಲ್ಲರ ಕಣ್ಣಿಗೂ ಬೀಳೋದಕ್ಕಿಂತ ಅಲ್ಲೇ ವಾಸಿ."

ದೊಡ್ಡ ಸೊಸೆ ಹಾಳೆ ಎತ್ತಿಕೊಂಡಳು. ನಡುವೆ ದಪ್ಪ ಅಕ್ಷರದಲ್ಲಿ, 'ಹಾನಿಕಾರಕ ವಸ್ತು ಯಾವುದೂ ಪತ್ತೆಯಾಗಿಲ್ಲ.' ಕೆಳಗೆ ಒಂದು ಸಹಿ. ಬಾಲ ಉದ್ದ ಎಳೆದ, ಕೊನೆಯಲ್ಲಿ ಚುಕ್ಕೆ ಇಟ್ಟ ಆ ಸಹಿ ಅವಳದೇ.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ಪರೀಕ್ಷಾಲಯದಲ್ಲಿ. ಅಲ್ಲಿ ಎಲ್ಲರೂ ಅವಳನ್ನು ಮೆಷಿನ್ ಮೇಡಂ ಎನ್ನುತ್ತಿದ್ದರು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಬೀರು ಗಾತ್ರದ ಯಂತ್ರ ಅವಳ ಕೈಕೆಳಗಿತ್ತು. ರಕ್ತವೋ ಮೂತ್ರವೋ ಕೊಟ್ಟರೆ ಅದರೊಳಗಿನ ಒಂದೊಂದು ಅಣುವನ್ನೂ ತೂಗುವುದು ಅದರ ಕೆಲಸ. ತೂಕವೊಂದೇ ಗೊತ್ತಾದರೆ ಸಾಲದು, ಒಂದೇ ತೂಕದ ವಸ್ತುಗಳು ನೂರಿರುತ್ತವೆ. ಆದ್ದರಿಂದ ಯಂತ್ರ ಆ ಅಣುವನ್ನು ಒಡೆದು ಚೂರುಗಳನ್ನೂ ತೂಗುತ್ತದೆ. ಒಡೆಯುವ ಮೊದಲಿನದು ತಾಯಿ, ಚೂರುಗಳು ಮಕ್ಕಳು. ಮಕ್ಕಳನ್ನು ನೋಡಿ ತಾಯಿ ಯಾರೆಂದು ಹೇಳುವುದು ಮೇಡಂ ಕೆಲಸ. ಹೇಳಲು ಲೈಬ್ರರಿ ಎಂಬ ದೊಡ್ಡ ಪಟ್ಟಿಯಿದೆ. ಪಟ್ಟಿಯಲ್ಲಿ ಇದ್ದರೆ ಹೆಸರು ಸಿಕ್ಕಿತು, ಇಲ್ಲದಿದ್ದರೆ ಅದು ಅಜ್ಞಾತ.

ಮಾದರಿಗಳು ಬರುವುದು ಬರೀ ನಂಬರಿನಲ್ಲಿ. ಆ ಹನ್ನೊಂದು ಡಬ್ಬಿಗಳು ಕಾರ್ಖಾನೆಗಳ ತಪಾಸಣೆ ಕಚೇರಿಯಿಂದ ಬಂದಾಗ ಅವು ಯಾವ ಕಾರ್ಖಾನೆಯವು, ಯಾರವು ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಒಂದು ಗೊತ್ತಿತ್ತು. ಹನ್ನೊಂದರಲ್ಲೂ ಒಂದು ಅಜ್ಞಾತ ಎದ್ದು ಕಾಣುವಷ್ಟು ಎತ್ತರಕ್ಕೆ ನಿಂತಿತ್ತು, ತೂಕ ನಾನೂರ ಹತ್ತೊಂಬತ್ತು. ಅಜ್ಞಾತಗಳಿಗೆ ಅಡ್ಡಹೆಸರಿಡುವುದು ಅವಳ ಚಾಳಿ. ಪ್ರತಿ ಮಾದರಿಯಲ್ಲೂ ಕರೆಯದೆ ಬಂದು ಕೂರುವ ಒಂದಕ್ಕೆ ಅಳಿಯ ಎಂದಿಟ್ಟಿದ್ದಳು. ಹನ್ನೊಂದರಲ್ಲಿ ಗುಂಪಾಗಿ ಬಂದ ಇದಕ್ಕೆ ಬೀಗರು ಎಂದಿಟ್ಟು, ಮಾದರಿ ತಂದ ಪ್ಲಾಸ್ಟಿಕ್ ಡಬ್ಬಿಯಿಂದ ಇಳಿದಿರಬೇಕು ಎಂದುಕೊಂಡು, ನಕ್ಕು, ಮುಂದಕ್ಕೆ ಹೋಗಿದ್ದಳು.

ನಕ್ಕಿದ್ದು ನೆನಪಾಗಿ ಈಗ ಅವಳಿಗೆ ಮೈಯೆಲ್ಲಾ ಉರಿಯಿತು.

ಅಜ್ಞಾತ ಎಂದಾದರೂ ವರದಿಯಲ್ಲಿ ಇರಬೇಕಿತ್ತಲ್ಲ? ಇರಲಿಲ್ಲ, ಯಾಕೆಂದರೆ ಆ ಕಿತಾಪತಿಯೂ ಅವಳದೇ. ಮೂರು ವರ್ಷದ ಹಿಂದೆ ಗಿರಾಕಿಗಳು ಫೋನ್ ಮಾಡಿ "ಇದೇನ್ರೀ ಇನ್ನೂರು ಅಜ್ಞಾತ?" ಎಂದು ತಲೆ ತಿನ್ನುತ್ತಿದ್ದರೆಂದು, ಹೆಸರಿನ ಕಾಲಂ ಖಾಲಿಯಿದ್ದ ಇಲ್ಲವೇ ಅಜ್ಞಾತ ಎಂದಿದ್ದ ಸಾಲು ವರದಿಗೆ ಬರದ ಹಾಗೆ ಅವಳೇ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದಳು. ಮುಖ್ಯಸ್ಥರಿಗೆ ಆ ಏರ್ಪಾಟು ಎಷ್ಟು ಹಿಡಿಸಿತೆಂದರೆ ತಮ್ಮ ಗುಪ್ತಪದ ಹಾಕಿ ಬೀಗ ಜಡಿದುಬಿಟ್ಟರು. ಅಂದಿನಿಂದ ವರದಿಗಳು ಚೊಕ್ಕಟವಾದವು. ಹೆಸರಿಲ್ಲದ್ದು ಲೋಕದಲ್ಲೇ ಇಲ್ಲ.

ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿ ಬಸ್ಸು ಹಿಡಿದಳು.

ಪರೀಕ್ಷಾಲಯದ ಮುಖ್ಯಸ್ಥರನ್ನು ಹಿಂದಿನಿಂದ ಎಲ್ಲರೂ ಕಾಲಂ ಸಾಹೇಬರು ಎನ್ನುತ್ತಿದ್ದರು. ಯಂತ್ರದಲ್ಲೂ ಒಂದು ಕಾಲಂ ಇದೆ: ಬೆರಳುದ್ದದ ಉಕ್ಕಿನ ಕೊಳವೆ, ಕಲಸಿಹೋದದ್ದನ್ನು ಬಿಡಿಸಿ ಒಂದೊಂದನ್ನೂ ಅದರದರ ನಿಮಿಷಕ್ಕೆ ಹೊರಗೆ ಬಿಡುತ್ತದೆ. ಸಾಹೇಬರಿಗೆ ಗೊತ್ತಿದ್ದದ್ದು ಆ ಕಾಲಂ ಅಲ್ಲ, ಫಾರಂನಲ್ಲಿರುವ ಕಾಲಂ.

"ಆ ಹನ್ನೊಂದು ಮಾದರಿಯ ವರದಿ ತಪ್ಪಿದೆ ಸಾರ್. ತಿದ್ದಿ ಕಳಿಸ್ಬೇಕು. ಎಲ್ಲದರಲ್ಲೂ ಒಂದು ವಸ್ತು ಇದೆ."

"ಏನ್ ಹೆಸರು?"

"ಹೆಸರು ಗೊತ್ತಿಲ್ಲ."

"ಹಾಗಾದ್ರೆ ಪತ್ತೆಯಾಗಿಲ್ಲ."

"ಪತ್ತೆಯಾಗಿದೆ ಸಾರ್. ಗುರುತಾಗಿಲ್ಲ."

"ಎರಡೂ ಒಂದೇ ಅಲ್ವೇನ್ರೀ?"

"ನಿಮ್ಮನೆಗೆ ಕಳ್ಳ ನುಗ್ಗಿ ಎಲ್ಲಾ ಗುಡಿಸಿಕೊಂಡು ಹೋದ ಅಂತಿಟ್ಕೊಳ್ಳಿ. ಅವನ ಹೆಸರು ಗೊತ್ತಿಲ್ಲ ಅಂತ, ಯಾರೂ ಬಂದೇ ಇಲ್ಲ ಅಂತೀರಾ?"

ಅವಳ ಗಂಟಲು ಏರಿತ್ತು. ಸಾಹೇಬರು ಎದ್ದು ಬಾಗಿಲು ಮುಚ್ಚಿದರು. "ಯಾಕಿಷ್ಟು ಹಾರಾಡ್ತೀರಿ? ಯಾರು ಆ ಹೆಂಗಸರು ನಿಮಗೆ?"

"ಅವರಲ್ಲಿ ಒಬ್ಬಳು ನನ್ನ ವಾರಗಿತ್ತಿ. ಅದು ನನಗೆ ಗೊತ್ತಾಗಿದ್ದು ಇವತ್ತು ಬೆಳಗ್ಗೆ."

"ಹಾಗ್ ಹೇಳಿ ಮತ್ತೆ!" ಸಾಹೇಬರ ಮುಖ ಅರಳಿತು. "ಸಂಬಂಧಿಕರ ಮಾದರಿ ನೀವು ಮುಟ್ಟಲೇಬಾರದು. ನಿಯಮ. ಹೋದ ವರದಿ ಹೋಯ್ತು. ಕೈ ತೊಳ್ಕೊಂಡು ಬೇರೆ ಕೆಲಸ ನೋಡಿ."

ಅವಳು ಕೈ ತೊಳೆದುಕೊಳ್ಳಲಿಲ್ಲ. ತನ್ನ ಮೇಜಿಗೆ ಹೋಗಿ ಹಳೆಯ ದಾಖಲೆ ತೆರೆದಳು. ಮೊದಲು ಖಾಲಿ ಡಬ್ಬಿಯಲ್ಲಿ ನೀರು ಹಾಕಿ ನೋಡಿದ್ದ ದಾಖಲೆ. ಪ್ರತಿ ಸಲ ಅದನ್ನೂ ಓಡಿಸುತ್ತಾರೆ, ಡಬ್ಬಿಯಿಂದ ಏನಿಳಿಯುತ್ತದೆ ಎಂದು ತಿಳಿಯಲು. ನಾನೂರ ಹತ್ತೊಂಬತ್ತರ ಜಾಗ ಬೋಳಾಗಿತ್ತು, ಎಳ್ಳಷ್ಟೂ ಇಲ್ಲ. ಅಂದರೆ ಡಬ್ಬಿಯದಲ್ಲ. ಅವತ್ತೇ ನೋಡಬಹುದಿತ್ತು, ಅರ್ಧ ನಿಮಿಷದ ಕೆಲಸ. ನೋಡಿರಲಿಲ್ಲ.

ಆಮೇಲೆ ಮಕ್ಕಳನ್ನು ನೋಡಿದಳು. ಒಡೆದಾಗ ನಾನೂರ ಹತ್ತೊಂಬತ್ತರಿಂದ ಉಳಿದದ್ದು ಇನ್ನೂರ ನಲವತ್ತಮೂರು. ನಡುವೆ ಹೋದದ್ದು ನೂರ ಎಪ್ಪತ್ತಾರು. ಆ ಅಂಕಿ ಅವಳಿಗೆ ಮನೆಯ ನಂಬರಿನಷ್ಟು ಪರಿಚಿತ. ದೇಹಕ್ಕೆ ಬೇಡದ್ದೇನಾದರೂ ಒಳಗೆ ಬಂದರೆ ಲಿವರ್ ಅದಕ್ಕೊಂದು ಸಕ್ಕರೆಯ ಅಂಗಿ ಹೊಲಿದು, ನೀರಲ್ಲಿ ಕರಗುವ ಹಾಗೆ ಮಾಡಿ, ಮೂತ್ರದಲ್ಲಿ ಹೊರಗೆ ಅಟ್ಟುತ್ತದೆ. ಆ ಅಂಗಿಯ ತೂಕ ನೂರ ಎಪ್ಪತ್ತಾರು. ಪ್ಲಾಸ್ಟಿಕ್ ಡಬ್ಬಿಗೆ ಅಂಗಿ ಹೊಲಿಯಲು ಬರುವುದಿಲ್ಲ. ಹನ್ನೊಂದು ಹೆಂಗಸರ ಲಿವರ್ ಹಗಲೂ ಇರುಳೂ ಕೂತು ಹೊಲಿದದ್ದನ್ನು ಅವಳು ಬೀಗರೆಂದು ಕರೆದು ನಕ್ಕಿದ್ದಳು.

ಅವಳು ಮೇಜಿಗೆ ಗುದ್ದಿದಳು. ಪೆನ್ನಿನ ಲೋಟ ಉರುಳಿತು.

"ಏನಾಯ್ತು?" ಎಂದ ಎದುರಿನ ಮೇಜಿನವನು. ಅವನು ಇನ್ನೊಂದು ಪಾಳಿಯ ಆಪರೇಟರ್, ಸಂಶಯಪ್ಪ ಎಂದು ಅಡ್ಡಹೆಸರು. ತನ್ನ ಜನ್ಮದಿನಾಂಕವನ್ನೂ ಎರಡು ಸಲ ಪರಿಶೀಲಿಸಿ ಬರೆಯುವ ಆಸಾಮಿ. ಅವಳ ಎಷ್ಟೋ ವರದಿಗಳನ್ನು "ನಂಬಿಕೆ ಬರ್ತಿಲ್ಲ" ಎಂದು ವಾಪಸು ಎಸೆದಿದ್ದ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಅವಳು ಅವನಿಗೆ ಎಲ್ಲವನ್ನೂ ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ.

ಅವನು ತಲೆ ಕೆರೆದುಕೊಂಡ. "ಅಂಗಿಯೊಳಗೆ ಏನಿದೆ ಅಂತ ಲೈಬ್ರರಿಯಲ್ಲಿಲ್ಲ. ಕಾರ್ಖಾನೆಯಿಂದಲೇ ಬಂತು ಅಂತ ಹೇಗೆ ಹೇಳ್ತೀರಿ? ಅಲ್ಲಿನ ಅಂಟು ಸಿಕ್ಕಿದ್ರೆ ಹೋಲಿಸಿ ನೋಡಬಹುದಿತ್ತು. ಕೊಡ್ತಾರಾ ಅವರು?"

"ಕೊಡಲ್ಲ," ಎಂದಳು. ಎಂದವಳು ಹಾಗೇ ಬಗ್ಗಿ ತನ್ನ ಕಾಲು ನೋಡಿಕೊಂಡಳು.

ಆ ಚಪ್ಪಲಿಗಳ ಅಟ್ಟೆ ಅಂಟಿಸಿಕೊಟ್ಟದ್ದು ಚಿಕ್ಕ ಸೊಸೆಯೇ. ಬಲಗಾಲಿನದು ಹೋದ ವರ್ಷ ಬಾಯಿ ಬಿಟ್ಟಾಗ, ಎಡಗಾಲಿನದು ಎರಡು ತಿಂಗಳ ಹಿಂದೆ. "ಮೇಲೆ ಅತ್ತೆ, ಕೆಳಗೆ ಅಟ್ಟೆ, ನಡುವೆ ಸಿಕ್ಕೊಂಡಿದ್ದು ನಾವು ಅಕ್ಕ," ಎಂದು ನಗಿಸುತ್ತಾ, ಕಾರ್ಖಾನೆಯಿಂದ ಮುಲಾಮಿನ ಪುಟ್ಟ ಡಬ್ಬಿಯಲ್ಲಿ ತಂದ ಅಂಟು ಹಚ್ಚಿದ್ದಳು.

ಅವಳು ಮನೆಗೆ ಫೋನ್ ಮಾಡಿದಳು. "ನನ್ನ ಚಪ್ಪಲಿಗೆ ಹಚ್ಚಿದ ಅಂಟು ಯಾವುದೇ? ಎರಡಕ್ಕೂ ಒಂದೇನಾ?"

ಚಿಕ್ಕ ಸೊಸೆಗೆ ಏನೂ ಅರ್ಥವಾಗಲಿಲ್ಲ. "ಈಗ ಚಪ್ಪಲಿ ಯಾಕಕ್ಕ? ಎರಡು ಡಬ್ಬದ್ದು ಕಲಸಿ ಹಚ್ಚೋದು. ಹಳದಿ ಡಬ್ಬ ಮೊದಲಿಂದ ಇದ್ದದ್ದೇ. ಗಟ್ಟಿಯಾಗೋಕೆ ಹಾಕೋದು ಮೊದಲು ಬಿಳಿ ಡಬ್ಬದ್ದಿತ್ತು, ನಾಲ್ಕು ತಿಂಗಳಿಂದ ಹಸಿರು ಡಬ್ಬದ್ದು ಬಂದಿದೆ. ಬಲಗಾಲಿಂದು ಬಿಳಿದು, ಎಡಗಾಲಿಂದು ಹಸಿರಿಂದು."

"ಹಸಿರು ಡಬ್ಬದ ಮೇಲೆ ಏನ್ ಬರೆದಿದೆ?"

"ಏನಿಲ್ಲ. ಒಂದು ನಂಬರು ಅಷ್ಟೆ."

ಇಬ್ಬರೂ ಸೇರಿ ಎರಡು ಚಪ್ಪಲಿಗಳನ್ನೂ ಮೇಜಿನ ಮೇಲಿಟ್ಟು, ಅಟ್ಟೆ ಕಿತ್ತು, ಚಾಕುವಿನಿಂದ ಅಂಟು ಕೆರೆದು ದ್ರಾವಕದಲ್ಲಿ ನೆನೆಸಿದರು. ಆ ಗಳಿಗೆಯಲ್ಲಿ ಸಾಹೇಬರು ಬಂದಿದ್ದರೆ ಯಾವ ಕಾಲಂನಲ್ಲಿ ಬರೆಯುತ್ತಿದ್ದರೋ. ಉಳಿದಿದ್ದ ಮೂತ್ರದ ಮಾದರಿಗಳಿಗೆ ಎಂಜೈಮ್ ಹಾಕಿ ಬೆಚ್ಚಗಿಟ್ಟರು. ಅದು ಸಕ್ಕರೆಯ ಅಂಗಿಯನ್ನು ಕತ್ತರಿಸಿ ಒಳಗಿನದನ್ನು ಬರಿಮೈ ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಸೀಸೆಗಳು ತಯಾರಾದವು.

"ನೀವಿನ್ನು ಹೊರಗೆ ಹೋಗಿ," ಎಂದ ಸಂಶಯಪ್ಪ. "ಗುಮಾಸ್ತರ ಕೈಲಿ ಚೀಟಿ ಕೀಳಿಸಿ ಬೇರೆ ನಂಬರ್ ಹಾಕಿಸ್ತೀನಿ, ಸೀಸೆಗಳನ್ನ ಅದಲುಬದಲು ಮಾಡಿಸ್ತೀನಿ, ಪಟ್ಟಿ ಅವರ ಹತ್ರಾನೇ ಇರಲಿ. ಯಾವುದು ಯಾವುದು ಅಂತ ನನಗೂ ಗೊತ್ತಿರಬಾರದು. ಯಂತ್ರ ಓಡಿಸೋವಾಗ್ಲೂ ನಿಮ್ಮ ಕೈ ಬಿದ್ರೆ ನಾಳೆ ಅದನ್ನೇ ಹಿಡ್ಕೊಂಡು ವರದಿ ಹರಿದು ಹಾಕ್ತಾರೆ."

ಅವಳು ಹೊರಗಿನ ಬೆಂಚಿನ ಮೇಲೆ ಬರಿಗಾಲಲ್ಲಿ ಕೂತಳು. ಸ್ವಂತ ಯಂತ್ರದ ಬಾಗಿಲ ಹೊರಗೆ ಹೀಗೆ ರೋಗಿಯ ಕಡೆಯವರಂತೆ ಕಾದದ್ದು ಅದೇ ಮೊದಲು. ಒಳಗಿದ್ದ ಸಿಟ್ಟೆಲ್ಲ ತಿರುಗಿ ಅವಳ ಮೇಲೆಯೇ ಬಂದು ಕೂತಿತು. ಮೂರು ವಾರದ ಹಿಂದಿನ ಒಂದು ಸಂಜೆ ನೆನಪಾಯಿತು. ಕಿವಿಯೋಲೆಯ ತಿರುಪು ಸಡಿಲಾಗಿದೆ ಎಂಬ ನೆಪ ಮಾಡಿ ಅವಳು ಚಿಕ್ಕ ಸೊಸೆಯ ಮುಖದ ಹತ್ತಿರ ಹೋಗಿ ಉಸಿರು ಮೂಸಿದ್ದಳು. ಸಿಹಿಯಾದ, ತಲೆಗೇರುವ ವಾಸನೆ. ಹಾಗಾದರೆ ಅತ್ತೆ ಹೇಳುವುದು ನಿಜ ಎಂದುಕೊಂಡು ಸುಮ್ಮನೆ ಓಲೆ ತಿರುಪಿ ಹಿಂದೆ ಸರಿದಿದ್ದಳು. ಇಪ್ಪತ್ತು ವರ್ಷ ದ್ರಾವಕಗಳ ನಡುವೆ ಬದುಕಿದ ಮೂಗಿಗೆ ಅಂಟಿನ ವಾಸನೆ ಗೊತ್ತಾಗಿರಲಿಲ್ಲ. ಥೂ ಎಂದು ತನ್ನನ್ನೇ ಬೈದುಕೊಂಡಳು, ಜೋರಾಗಿಯೇ. ಪಕ್ಕದಲ್ಲಿ ನೆಲ ಒರೆಸುತ್ತಿದ್ದಾಕೆ ಬಕೆಟ್ಟು ಎತ್ತಿಕೊಂಡು ಆಚೆಗೆ ಹೋದಳು.

ನಾಲ್ಕೂವರೆಗೆ ಸಂಶಯಪ್ಪ ಬಾಗಿಲು ತೆಗೆದ. "ಗುಮಾಸ್ತರ ಪಟ್ಟಿ ಬಿಡಿಸಿ ನೋಡಿದೆ. ಎಡಗಾಲಿನ ಚಪ್ಪಲಿಯಲ್ಲಿದೆ, ಇನ್ನೂರ ನಲವತ್ತಮೂರು. ಬಲಗಾಲಿನದ್ದರಲ್ಲಿ ಇಲ್ಲ. ಅಂಗಿ ಕತ್ತರಿಸಿದ ಹನ್ನೊಂದರಲ್ಲೂ ಅದೇ. ಅದೇ ನಿಮಿಷಕ್ಕೆ ಕಾಲಂನಿಂದ ಹೊರಗೆ ಬರುತ್ತೆ, ಅದೇ ಮಕ್ಕಳು. ಮೂರು ಸಲ ಓಡಿಸಿದೆ."

"ನಂಬಿಕೆ ಬಂತಾ?"

"ಬಂತು," ಎಂದ ಅವನು, ಹಲ್ಲು ಕೀಳಿಸಿಕೊಂಡವನ ಮುಖದಲ್ಲಿ. "ಆದ್ರೆ ಇನ್ನೂ ಹೆಸರಿಲ್ಲ. ಹೆಸರಿಲ್ಲದ ಸಾಲನ್ನ ಈ ಹಾಳು ಕಂಪ್ಯೂಟರ್ ನುಂಗುತ್ತೆ."

ಅವಳು ಅವನ ಹಿಂದೆ ನಿಂತು ಪರದೆ ನೋಡಿದಳು. ಹನ್ನೊಂದು ಸಾಲುಗಳು. ತೂಕವಿದೆ, ನಿಮಿಷವಿದೆ, ಪ್ರಮಾಣವಿದೆ, ಹೆಸರಿನ ಕಾಲಂ ಖಾಲಿ. ಬೀಗದ ಗುಪ್ತಪದ ಸಾಹೇಬರ ಹತ್ತಿರ. ಅವಳಿಗೆ ರೇಗಿ ಹೋಯಿತು. "ಹೆಸರು ತಾನೇ ಬೇಕು ಅದಕ್ಕೆ? ಬರೀರಿ, ನಾನು ಹೇಳ್ತೀನಿ."

ಶನಿವಾರ ಬೆಳಗ್ಗೆ ತಿದ್ದಿದ ವರದಿ ಸಾಹೇಬರ ಮೇಜಿಗೆ ಹೋಯಿತು. ಕೆಲಸ ಮಾಡಿದವನ ಸಹಿ ಸಂಶಯಪ್ಪನದು. ಮೇಲಿನ ಸಹಿ ಸಾಹೇಬರದು ಆಗಬೇಕು. ಸಾಹೇಬರು ಓದಿದರು. ಹೆಸರಿನ ಕಾಲಂನಲ್ಲಿ ಮೇಲಿಂದ ಕೆಳಗಿನ ತನಕ ಹನ್ನೊಂದು ಸಲ ಒಂದೇ ಸಾಲು: 'ಅಂಟಿನ ಕೋಣೆಯ ಹಸಿರು ಡಬ್ಬದಲ್ಲಿರುವುದು.'

"ಇದೇನ್ರೀ ಇದು? ಇದೊಂದು ಹೆಸರಾ?"

"ಹೆಸರು ಬೇಕು ಅಂದ್ರಲ್ಲ ಸಾರ್," ಎಂದಳು ಅವಳು.

"ಚಪ್ಪಲಿ ಕೆರೆದು ಪರೀಕ್ಷೆ ಮಾಡಿದ್ದೀರಾ? ಹೊರಗೆ ಗೊತ್ತಾದ್ರೆ ನಗ್ತಾರೆ. ನಾನು ಸಹಿ ಹಾಕಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಸಂಶಯಪ್ಪ ಮುಂದೆ ಬಂದ. "ಹಾಕಬೇಡಿ ಸಾರ್, ಪರವಾಗಿಲ್ಲ. ತಿರಸ್ಕರಿಸೋದಾದ್ರೆ ಕಾರಣ ಬರೀಬೇಕು. ಆ ಕಾಲಂ ಕೂಡಾ ಖಾಲಿ ಬಿಡೋ ಹಾಗಿಲ್ಲ. ಕೆಳಗೆ ನಿಮ್ಮ ಹೆಸರೂ ಬರೀಬೇಕು. ಸೋಮವಾರ ಅವರೆಲ್ಲ ಆ ಕೋಣೆಗೆ ಹೋಗಿ, ಆಮೇಲೆ ಏನಾದ್ರೂ ಆದ್ರೆ ಮೊದಲು ತೆಗೆಯೋದು ಅದೇ ಕಾಗದ."

ಸಾಹೇಬರು ಪೆನ್ನು ತೆಗೆದು ಕಾರಣದ ಕಾಲಂನ ಮೇಲೆ ಇಟ್ಟರು. ಗಡಿಯಾರ ನೋಡಿದರು, ಕಿಟಕಿ ನೋಡಿದರು. ತಮ್ಮ ಜೀವಮಾನದಲ್ಲಿ ಮೊದಲ ಸಲ ಅವರಿಗೆ ಒಂದು ಕಾಲಂನಲ್ಲಿ ಏನು ಬರೆಯುವುದೆಂದು ಹೊಳೆಯಲಿಲ್ಲ. ಆಮೇಲೆ ಪುಟ ತಿರುಗಿಸಿ, ಸಹಿ ಗೀಚಿ, ವರದಿಯನ್ನು ಮೇಜಿನ ಆ ತುದಿಗೆ ತಳ್ಳಿದರು. "ಇನ್ನೊಂದ್ಸಲ ಹೀಗೆಲ್ಲ ಮಾಡಿದ್ರೆ ನೋಡಿ," ಎಂದರು.

"ನೋಡೋಣ ಸಾರ್," ಎಂದಳು ಅವಳು.

ಮಧ್ಯಾಹ್ನದೊಳಗೆ ತಪಾಸಣೆ ಕಚೇರಿಯಿಂದ ಫೋನ್ ಬಂತು. ಯಾವ ಡಬ್ಬ, ಎಷ್ಟು ತಿಂಗಳಿಂದ ಎಂದು ಕೇಳಿದರು. ಹಸಿರು ಡಬ್ಬದಲ್ಲಿ ಏನಿದೆಯೆಂದು ಅದನ್ನು ತಯಾರಿಸಿದವರು ಬಾಯಿ ಬಿಡುವ ತನಕ ಕೋಣೆಗೆ ಬೀಗ ಎಂದರು. ಸಂಶಯಪ್ಪ ಅದನ್ನೂ ನಂಬದೆ, ವಾಪಸು ಫೋನ್ ಮಾಡಿ ಇನ್ನೊಂದು ಸಲ ಕೇಳಿಸಿಕೊಂಡ.

ಅವಳು ವರದಿಯನ್ನೂ ಕಿತ್ತ ಚಪ್ಪಲಿಗಳನ್ನೂ ಹಿಡಿದು ಮನೆಗೆ ಬಂದಾಗ ಅತ್ತೆ ಬಟ್ಟೆ ಮಡಚುತ್ತಿದ್ದರು, ಚಿಕ್ಕ ಸೊಸೆ ಗೋಡೆಗೊರಗಿ ಕೂತಿದ್ದಳು. ದೊಡ್ಡ ಸೊಸೆ ನಿಂತ ಕಾಲಲ್ಲೇ ವರದಿ ಓದಿ ಹೇಳಿದಳು. ಜೋರಾಗಿ ಓದಿದಳು, ಪಕ್ಕದ ಮನೆಗೂ ಕೇಳಲಿ ಎಂದು.

"ಹಾಗಾದ್ರೆ ಕುಡಿತ ಅಲ್ವಾ?" ಎಂದರು ಅತ್ತೆ.

"ಅಲ್ಲ! ಯಾವತ್ತೂ ಅಲ್ಲ! ಹನ್ನೊಂದು ಜನರ ಮೈಯಲ್ಲೂ ಅದೇ ಇದೆ. ಹನ್ನೊಂದು ಜನರೂ ಸೇರಿ ಕುಡೀತಿದ್ರಾ?"

ಅತ್ತೆ ಮಡಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದರು. ತಪ್ಪಾಯಿತು ಎನ್ನುವ ಮಾತು ಅವರ ಪಟ್ಟಿಯಲ್ಲಿರಲಿಲ್ಲ. ಒಳಗೆ ಹೋಗಿ ಒಂದು ಲೋಟ ಗಂಜಿ ತಂದು ಚಿಕ್ಕ ಸೊಸೆಯ ಮುಂದೆ ಇಟ್ಟು, ಬಟ್ಟೆಗಳನ್ನು ಎತ್ತಿಕೊಂಡು ಹೋದರು.

ಚಿಕ್ಕ ಸೊಸೆ ಗಂಜಿ ಮುಟ್ಟಲಿಲ್ಲ. ವರದಿ ಈಸಿಕೊಂಡು, ಹಳದಿ ಕಣ್ಣಿನಿಂದ ಸಾಲು ಸಾಲಾಗಿ ನೋಡಿದಳು. ಹಸಿರು ಡಬ್ಬ ಎಂದಿದ್ದ ಕಡೆ ಬೆರಳಿಟ್ಟಳು.

"ಇದರ ನಿಜವಾದ ಹೆಸರೇನು ಅಕ್ಕ?"

"ಗೊತ್ತಿಲ್ಲ ಕಣೇ. ಗೊತ್ತಿಲ್ಲ ಅಂತ ಬರೆಯೋಕೆ ಬಿಡ್ಲಿಲ್ಲ ಆ ಪುಣ್ಯಾತ್ಮ. ಹೆಸರಿನ ಕಾಲಂ ಖಾಲಿ ಬಿಟ್ರೆ ಸಾಲೇ ಮಾಯ. ಅದಕ್ಕೇ ಹೀಗೆ ಬರೆಸಿದೆ." ಅವಳಿಗೆ ಮತ್ತೆ ಸಿಟ್ಟು ಏರುತ್ತಿತ್ತು, ಆ ಸಿಟ್ಟಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ಏನ್ ಕಷ್ಟ ಈ ಜನಕ್ಕೆ?"

ಚಿಕ್ಕ ಸೊಸೆ ಹಾಳೆಯನ್ನು ಮಡಚಿ ಅವಳ ಕೈಗೆ ವಾಪಸು ಕೊಟ್ಟಳು.

"ಅವತ್ತು ಓಲೆ ತಿರುಪೋ ನೆಪದಲ್ಲಿ ನನ್ನ ಬಾಯಿ ಮೂಸಿದ್ರಿ," ಎಂದಳು. "ಏನು ಅನ್ಕೊಂಡ್ರಿ?"

ದೊಡ್ಡ ಸೊಸೆಯ ಸಿಟ್ಟು ನಿಂತಲ್ಲೇ ನಿಂತಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಕುಡಿದಿದ್ದೀಯ ಅನ್ಕೊಂಡೆ."

"ಅನ್ಕೊಂಡು ಸುಮ್ನೆ ಹೋದ್ರಿ. ಕೇಳಲೂ ಇಲ್ಲ." ಚಿಕ್ಕ ಸೊಸೆಯ ದನಿ ಏರಲಿಲ್ಲ, ಆದರೆ ಗಂಜಿಯ ಲೋಟವನ್ನು ಆಚೆಗೆ ತಳ್ಳಿದಳು. ಆ ಮನೆಯಲ್ಲಿ ಇಷ್ಟು ದಿನವೂ ಒಬ್ಬಳಿಗೇ ಕೋಪ ಬರುತ್ತದೆಂದು ಎಲ್ಲರೂ ತಿಳಿದಿದ್ದರು. "ಗೊತ್ತಿಲ್ಲ ಅಂತ ನನ್ನ ಆ ಒಂದು ಕಾಲಂ ಖಾಲಿ ಬಿಡಬಹುದಿತ್ತಲ್ಲ ಅಕ್ಕ ನೀವು?"

ದೊಡ್ಡ ಸೊಸೆ ಅಟ್ಟೆ ಕಿತ್ತ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಗಂಜಿ ಆರುತ್ತಿತ್ತು.